ಬಡಕಲಾದ ಕುದುರೆಗೆ ಮೈ ತುಂಬಿಸುವುದು: ಮನೆಯಲ್ಲೋ, ಬೋರ್ಡಿಂಗ್ ಲಾಯದಲ್ಲೋ?

ಪಕ್ಕೆಲುಬು ಎಣಿಸುವಂತಾದ ಕುದುರೆಯನ್ನು ಕಂಡ ಕೂಡಲೇ ಹೆಚ್ಚಿನವರ ಕೈ ಹೋಗುವುದು ದಾಣಿಯ ಚೀಲಕ್ಕೆ. ಬಕೆಟ್ ತುಂಬ ಓಟ್ಸ್, ಮೇಲೊಂದಿಷ್ಟು ಕಾಕಂಬಿ, ಅದೇ ದಿನ ಜಂತಿನ ಔಷಧಿಯೂ ಒಂದು ಡೋಸ್. ವಾರ ಕಳೆಯುವುದರೊಳಗೆ ಕುದುರೆ ಹೊಟ್ಟೆಶೂಲೆಯಿಂದ ಹೊರಳಾಡುತ್ತದೆ, ಇಲ್ಲವೇ ಭೇದಿ ಹತ್ತುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಇದೇನೂ ಆಗದೆ, ಎರಡು ತಿಂಗಳ ನಂತರವೂ ಮೊದಲಿದ್ದಷ್ಟೇ ಬಡಕಲಾಗಿ ನಿಂತಿರುತ್ತದೆ.

ಮಾಡುವ ಕೆಲಸಗಳು ಬಹುತೇಕ ಸರಿಯೇ ಇರುತ್ತವೆ, ಕ್ರಮ ತಪ್ಪಿರುತ್ತದೆ. ಮೊದಲು ಅಳತೆ, ಆಮೇಲೆ ಕಾರಣ, ಕಾರಣ ತಿಳಿದ ಮೇಲೆ ಕುದುರೆ ಎಲ್ಲಿರಬೇಕೆಂಬ ನಿರ್ಧಾರ, ಕೊನೆಗೆ ಮೇವು. ಮನೆಯೋ, ದುಡ್ಡು ಕೊಟ್ಟು ಕುದುರೆ ಬಿಡುವ ಬೋರ್ಡಿಂಗ್ ಲಾಯವೋ ಎಂಬುದನ್ನೇ ಎಲ್ಲಕ್ಕಿಂತ ಮುಂಚೆ ತೀರ್ಮಾನಿಸಿಕೊಂಡು ಕೂರುವವರು ಬಹಳ. ಕುದುರೆ ಎಷ್ಟು ಸೊರಗಿದೆ, ಯಾಕೆ ಸೊರಗಿದೆ ಎಂದು ಗೊತ್ತಾಗದೆ ಆ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ.

ಕೈಯಲ್ಲಿರಬೇಕಾದ ಸಾಮಾನು

- ಎರಡು ಮೀಟರಿನ, ಬಳುಕುವ ಅಳತೆ ಟೇಪು. ದರ್ಜಿಗಳು ಬಳಸುವುದೇ ಸಾಕು, ಉದ್ದ ಮಾತ್ರ ಸಾಲಬೇಕು.
- ಕೊಕ್ಕೆಯಿರುವ, 20–25 ಕಿಲೋ ತೂಗಬಲ್ಲ ನೇತಾಡುವ ತಕ್ಕಡಿ. ಇದಿಲ್ಲದೆ ಮುಂದಿನ ಯಾವ ಹಂತಕ್ಕೂ ಕೈ ಹಾಕಬೇಡಿ.
- ಹುಲ್ಲು ತುಂಬುವ ಬಲೆಚೀಲ ಎರಡು, ಎಣ್ಣೆ ಅಳೆಯಲು ಮಿಲಿಲೀಟರ್ ಗುರುತಿರುವ ಲೋಟ ಒಂದು.
- ಗುದದಲ್ಲಿಟ್ಟು ನೋಡುವ ಥರ್ಮಾಮೀಟರ್. ಒಳಗೆ ಜಾರಿಹೋಗದಂತೆ ಅದಕ್ಕೊಂದು ದಾರ ಕಟ್ಟಿ.
- ನೋಟ್‌ಬುಕ್. ಮೊಬೈಲಿನಲ್ಲಿ ಬರೆದಿಟ್ಟರೆ ರಾತ್ರಿ ಮೇವು ಹಾಕುವ ಇನ್ನೊಬ್ಬರಿಗೆ ಅದು ಕಾಣುವುದಿಲ್ಲ; ಲಾಯದ ಗೋಡೆಗೆ ತೂಗುಹಾಕಿದ ಪುಸ್ತಕವಾದರೆ ಎಲ್ಲರಿಗೂ ಕಾಣುತ್ತದೆ.

ಹಂತ 1: ಕಣ್ಣನ್ನು ನಂಬದೆ ಕೈಯಿಂದ ಅಳೆಯಿರಿ

ಉದ್ದ ಕೂದಲು ಪಕ್ಕೆಲುಬನ್ನು ಮುಚ್ಚಿಡುತ್ತದೆ. ಜೋತುಬಿದ್ದ ಹೊಟ್ಟೆ ಕುದುರೆ ದಪ್ಪಗಿದೆ ಎನಿಸುವಂತೆ ಮಾಡುತ್ತದೆ. ಅದು ಬರೀ ಒರಟು ಹುಲ್ಲೋ ಹುಳುವೋ ಸ್ನಾಯು ಸೋತದ್ದೋ ಆಗಿರಬಹುದು. ಹಾಗಾಗಿ ಆರು ಜಾಗಗಳನ್ನು ಒತ್ತಿ ನೋಡಬೇಕು: ಕುತ್ತಿಗೆ, ಹೆಗಲಿನ ಉಬ್ಬು, ಭುಜದ ಹಿಂದಿನ ಭಾಗ, ಪಕ್ಕೆಲುಬು, ಸೊಂಟ, ಬಾಲದ ಬುಡ. ಇವನ್ನು ಆಧರಿಸಿ ಅಮೆರಿಕದ ಸಂಶೋಧಕ ಹೆನೆಕೆ 1983ರಲ್ಲಿ ಪ್ರಕಟಿಸಿದ 1ರಿಂದ 9ರ ಅಂಕವೇ ಇಂದಿಗೂ ಪಶುವೈದ್ಯರು ಬಳಸುವ ಭಾಷೆ. ನೀವೂ ಅದನ್ನೇ ಬಳಸಿದರೆ ಫೋನಿನಲ್ಲಿ ಮಾತು ಸಲೀಸು.

1 ಎಂದರೆ ಎಲುಬಿನ ಮೇಲೆ ಬರೀ ಚರ್ಮ. ಬೆನ್ನುಮೂಳೆಯ ಗಂಟುಗಳು ದೂರಕ್ಕೇ ಕಾಣುತ್ತವೆ, ಎಲ್ಲಿ ಒತ್ತಿದರೂ ಕೊಬ್ಬು ಸಿಗುವುದಿಲ್ಲ. 3ರಲ್ಲಿ ಪಕ್ಕೆಲುಬು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಬೆರಳಿಗೆ ತೆಳುವಾದ ಪದರವೊಂದು ಹತ್ತುತ್ತದೆ. 4ರಲ್ಲಿ ಪಕ್ಕೆಲುಬಿನ ಮಸುಕು ಗೆರೆ, ಬೆನ್ನ ಮೇಲೆ ಸಣ್ಣ ಏಣು. 5ರಲ್ಲಿ ಪಕ್ಕೆಲುಬು ಕಾಣದು, ಒತ್ತಿದರೆ ಮಾತ್ರ ತಿಳಿಯುತ್ತದೆ. ಕೈಗೆ ಅಂದಾಜು ಸಿಗದಿದ್ದರೆ ಮುಷ್ಟಿ ಹಿಡಿದು ಬೆರಳ ಗೆಣ್ಣುಗಳ ಮೇಲೆ ಇನ್ನೊಂದು ಕೈಯಾಡಿಸಿ: ಪಕ್ಕೆಲುಬು ಹಾಗೆ ತಗುಲಿದರೆ ಕುದುರೆ ಸೊರಗಿದೆ. ಬೆರಳು ಚಾಚಿ ಅಂಗೈಯ ಹಿಂಬದಿಯ ಮೇಲೆ ಸವರಿದಾಗ ಸಿಗುವಂತಿದ್ದರೆ ಸರಿಯಾಗಿದೆ.

ಇನ್ನು ತೂಕ. ಮುಂಗಾಲುಗಳ ಹಿಂದೆ, ಹೆಗಲಿನ ಉಬ್ಬಿನ ಹಿಂಬದಿಗೆ ಟೇಪು ಸುತ್ತಿ ಎದೆಯ ಸುತ್ತಳತೆ ತೆಗೆಯಿರಿ. ಕುದುರೆ ಉಸಿರು ಬಿಟ್ಟಾಗ ಓದಬೇಕು. ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ. ಸುತ್ತಳತೆ 170 ಸೆಂಟಿಮೀಟರ್, ಉದ್ದ 152 ಇದ್ದರೆ ಸುಮಾರು 370 ಕಿಲೋ. ಇದು ಅಂದಾಜೇ ಹೊರತು ನಿಖರವಲ್ಲ, ಆದರೆ ವಾರವಾರವೂ ಒಂದೇ ಬಗೆಯಲ್ಲಿ ಅಳೆದರೆ ಏರಿಳಿತ ಮೋಸ ಮಾಡುವುದಿಲ್ಲ. ಮುಂದಿನ ಲೆಕ್ಕಗಳಿಗೆ ಇದೇ 370 ಕಿಲೋದ ಕುದುರೆಯನ್ನು ಇಟ್ಟುಕೊಳ್ಳೋಣ: ಅಂಕ 3, ಮೈ ತುಂಬಿದಾಗ 400 ಕಿಲೋ ಇರಬೇಕಾದದ್ದು.

ಅದೇ ದಿನ ಜ್ವರ, ನಾಡಿ, ಉಸಿರನ್ನೂ ಬರೆದಿಡಿ. ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಗೆ ಮೈಬಿಸಿ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮುಂದೆ ಏನಾದರೂ ಕೆಟ್ಟಾಗ ಹೋಲಿಸಿ ನೋಡಲು ಈ ಮೊದಲ ದಿನದ ಅಂಕಿಗಳೇ ಬೇಕಾಗುವುದು.

ಹಂತ 2: ಮೇವು ಹೆಚ್ಚಿಸುವ ಮೊದಲು ಕಾರಣ ಹುಡುಕಿ

ಮೊದಲು ಸುಲಭದ ಲೆಕ್ಕ. ಕುದುರೆ ಈವರೆಗೆ ದಿನಕ್ಕೆ ಎಷ್ಟು ಕಿಲೋ ಹುಲ್ಲು ತಿನ್ನುತ್ತಿತ್ತು? "ಎರಡು ಹೊರೆ" ಎಂಬುದು ಉತ್ತರವಲ್ಲ. ಆ ಹೊರೆಯನ್ನು ತಕ್ಕಡಿಗೆ ತೂಗುಹಾಕಿ. ಹತ್ತು ಕಿಲೋ ಎಂದುಕೊಂಡದ್ದು ಆರೇ ಕಿಲೋ ಇರುವುದು ಸಾಮಾನ್ಯ. ಕಾರಣ ಅಲ್ಲೇ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಲೆಕ್ಕ ಸರಿಯಿದ್ದೂ ಸೊರಗಿದ್ದರೆ ಹಲ್ಲು ನೋಡಿಸಿ. ಕುದುರೆಯ ಹಲ್ಲು ಹುಟ್ಟುತ್ತಲೇ ಸವೆಯುತ್ತಲೇ ಇರುತ್ತದೆ. ಸವೆತ ಸಮನಾಗದಿದ್ದರೆ ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಗೀರುತ್ತದೆ. ಗುರುತು ಗೋದಲಿಯ ಕೆಳಗೇ ಸಿಗುತ್ತದೆ: ಅರ್ಧ ಅಗಿದು ಉಗುಳಿದ ಹುಲ್ಲಿನ ಒದ್ದೆ ಉಂಡೆಗಳು. ಲದ್ದಿಯನ್ನು ಒಡೆದು ನೋಡಿ, ಬೆರಳುದ್ದದ ಹುಲ್ಲಿನ ಎಳೆಗಳೋ ಇಡೀ ಕಾಳೋ ಕಂಡರೆ ಅಗಿತ ಸರಿಯಿಲ್ಲ. ಹಲ್ಲು ಉಜ್ಜಿಸದೆ ಮೇವು ಹೆಚ್ಚಿಸುವುದು ದುಡ್ಡು ದಂಡ.

ಮೂರನೆಯದು ಜಂತು. ಔಷಧಿ ಹಾಕುವ ಮೊದಲು ಲದ್ದಿಯ ಮೊಟ್ಟೆ ಎಣಿಕೆ ಮಾಡಿಸಿ, ಹಾಕಿದ 14 ದಿನಕ್ಕೆ ಮತ್ತೊಮ್ಮೆ ಮಾಡಿಸಿ. ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಆಗ. ಎಣಿಕೆ ಕಡಿಮೆ ಬಂದರೂ ಕರುಳಿನ ಗೋಡೆಯೊಳಗೆ ಅಡಗಿ ಕೂತ ಮರಿಹುಳುಗಳು ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಕೊನೆಯ ಮಾತು ಪಶುವೈದ್ಯರದು. ಅಂಕ 1 ಅಥವಾ 2ರ ಕುದುರೆಗೆ ಬಂದ ದಿನವೇ ಜಂತಿನ ಔಷಧಿ ಬೇಡ. ಸತ್ತ ಹುಳುಗಳ ಹೊರೆಯನ್ನು ಸೋತ ಕರುಳು ತಾಳಲಾರದು. ಮಾಕ್ಸಿಡೆಕ್ಟಿನ್ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು: ಅದು ಕೊಬ್ಬಿನಲ್ಲಿ ಸೇರಿಕೊಳ್ಳುವ ಔಷಧಿ, ಕೊಬ್ಬೇ ಇಲ್ಲದ ಮೈಯಲ್ಲಿ ರಕ್ತದಲ್ಲಿ ಅದರ ಮಟ್ಟ ಹೆಚ್ಚುತ್ತದೆ.

ಉಳಿದ ಕಾರಣಗಳನ್ನು ಪಶುವೈದ್ಯರು ರಕ್ತ ಪರೀಕ್ಷೆಯಿಂದ ಹುಡುಕುತ್ತಾರೆ: ಯಕೃತ್ತು, ಮೂತ್ರಪಿಂಡ, ಪ್ರೋಟೀನ್ ಸೋರುವ ಕರುಳು, ದೀರ್ಘಕಾಲದ ಸೋಂಕು. ದಾಣಿ ಮೂಸಿ ಬಿಡುವ, ಹುಲ್ಲು ಮಾತ್ರ ಕೆದಕುವ, ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಗೆ ಜಠರದ ಹುಣ್ಣಿರಬಹುದು. 15 ವರ್ಷ ದಾಟಿದ ಕುದುರೆಗೆ ಕೂದಲು ಉದುರದೆ ಉದ್ದವಾಗಿಯೇ ಉಳಿದು, ಬೆನ್ನಿನ ಸ್ನಾಯು ಕರಗುತ್ತಿದ್ದರೆ ಕುಶಿಂಗ್ಸ್ ಎಂಬ ಹಾರ್ಮೋನ್ ರೋಗಕ್ಕೆ ಎಸಿಟಿಎಚ್ ಪರೀಕ್ಷೆ (ರಕ್ತದಲ್ಲಿ ಆ ಹೆಸರಿನ ಹಾರ್ಮೋನಿನ ಅಳತೆ) ಕೇಳಿ. ಇದು ಮುಖ್ಯ, ಯಾಕೆಂದರೆ ಅಂಥ ಕುದುರೆಗೆ ಪಿಷ್ಟದ ದಾಣಿ ಸುರಿದರೆ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಪದರದ ಉರಿಯೂತ, ಬರುವ ಭಯವಿದೆ. ಗುಂಪಿನಲ್ಲಿದ್ದ ಕುದುರೆಯಾದರೆ ಮೇವಿನ ಹೊತ್ತಿಗೆ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ಪಕ್ಕದ್ದು ಕಿವಿ ಹಿಂದಕ್ಕೆ ಮಡಚಿದ ಕೂಡಲೇ ಇದು ಹಿಂದೆ ಸರಿಯುತ್ತಿದ್ದರೆ ಯಾವ ಲ್ಯಾಬೂ ಬೇಡ.

ಹಂತ 3: ಮನೆಯೋ, ಬೋರ್ಡಿಂಗೋ

ಈಗ ಕೈಯಲ್ಲಿ ಅಂಕವಿದೆ, ಕಾರಣವಿದೆ. ನಿರ್ಧಾರ ಇವೆರಡರಿಂದ ಶುರುವಾಗಲಿ.

ಅಂಕ 1 ಅಥವಾ 2, ಅಥವಾ ಮಲಗಿದರೆ ಏಳಲಾಗದ ಕುದುರೆ: ಮೊದಲ ಹತ್ತು ದಿನ ಪಶು ಆಸ್ಪತ್ರೆಯಲ್ಲೋ, ಇಂಥ ಕುದುರೆಗಳನ್ನು ನೋಡಿಕೊಂಡು ಪಳಗಿದ, ರಾತ್ರಿ ಆಳಿರುವ ಲಾಯದಲ್ಲೋ ಇರಬೇಕು. ಆಗ ನಾಲ್ಕು ಗಂಟೆಗೊಮ್ಮೆ ಮೇವು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ಬೆಳಗಿನ ಜಾವ 2. ಮನೆಯಲ್ಲೇ ಮಾಡುತ್ತೇವೆ ಎನ್ನುವವರು ಕುದುರೆ ಬರುವ ಮೊದಲು ಮೂರು ದಿನ ಇದೇ ಹೊತ್ತಿಗೆ ಅಲಾರಂ ಇಟ್ಟು, ಎದ್ದು, ಲಾಯದವರೆಗೆ ನಡೆದು ಬನ್ನಿ. ಮೂರನೇ ರಾತ್ರಿ ಎರಡು ಗಂಟೆಗೆ ಯಾರು ಎದ್ದರು ಎಂಬುದೇ ಉತ್ತರ.

ಅಂಕ 3 ಅಥವಾ 4, ಕಾರಣ ಹಲ್ಲೋ ಜಂತೋ ಮೇವಿನ ಕೊರತೆಯೋ ಆಗಿದ್ದರೆ ಎರಡೂ ಕಡೆ ಆಗುತ್ತದೆ. ಆಗ ನೋಡಬೇಕಾದದ್ದು ದುಡ್ಡಿಗಿಂತ ಮುಂಚೆ ಬೇರೆ ಸಂಗತಿಗಳು.

*ಮನೆ ಯಾವಾಗ ಸರಿ*

ಸುಮಾರು 3.6 ಮೀಟರ್ ಅಗಲ, ಅಷ್ಟೇ ಉದ್ದದ, ಗಾಳಿಯಾಡುವ ಕೊಠಡಿ ಇರಬೇಕು. ಮಳೆ ಗಾಳಿ ನೇರ ಬಡಿಯಬಾರದು. ಬೇಲಿಗೆ ಮುಳ್ಳುತಂತಿ ಇರಕೂಡದು. 400 ಕಿಲೋ ಕುದುರೆಗೆ ತಿಂಗಳಿಗೆ ಸುಮಾರು 300 ಕಿಲೋ ಹುಲ್ಲು ಬೇಕು, ಅದು ನೆಲದಿಂದ ಮೇಲೆ, ನೆನೆಯದ ಜಾಗದಲ್ಲಿ ಇರಬೇಕು. ದಿನಕ್ಕೆ 15–20 ಕಿಲೋ ಲದ್ದಿ ಎತ್ತಿ ಎಲ್ಲಿಗೆ ಹಾಕುವಿರಿ ಎಂಬುದನ್ನು ಮೊದಲ ವಾರವೇ ಯೋಚಿಸಿ. ಇದನ್ನು ಮರೆತವರ ಅಂಗಳ ನೊಣದ ಗೂಡಾಗುತ್ತದೆ. ಕರೆದರೆ ಒಂದು ಗಂಟೆಯೊಳಗೆ ಬರುವ, ಕುದುರೆ ಗೊತ್ತಿರುವ ಪಶುವೈದ್ಯರಿರಬೇಕು. ಹಸು ನೋಡುವವರೆಲ್ಲ, ಶೂಲೆ ಬಂದಾಗ ಕುದುರೆಯ ಮೂಗಿಗೆ ಕೊಳವೆ ಹಾಕುವುದರಲ್ಲಿ ಪಳಗಿರುವುದಿಲ್ಲ.

ಹೆಚ್ಚಿನವರು ಮರೆಯುವುದು ಜೊತೆಯನ್ನು. ಕುದುರೆ ಹಿಂಡಿನ ಪ್ರಾಣಿ. ಒಂಟಿಯಾಗಿ ಕಟ್ಟಿದರೆ ಬೇಲಿಗುಂಟ ಹಿಂದೆ ಮುಂದೆ ನಡೆಯುತ್ತಲೇ ಇರುತ್ತದೆ. ಗೋದಲಿ ತುಂಬಿದ್ದರೂ ಮೈ ಹತ್ತುವುದಿಲ್ಲ. ಇನ್ನೊಂದು ಕುದುರೆ ಅಥವಾ ಕತ್ತೆ ಕಣ್ಣಿಗೆ ಕಾಣುವಂತಿರಬೇಕು, ಮೇವು ಮಾತ್ರ ಬೇರೆ ಬೇರೆ. ಮನೆಯ ಇನ್ನೊಂದು ಅಪಾಯ ಪ್ರೀತಿ: ಹೋಗುವವರು ಬರುವವರೆಲ್ಲ ಒಂದೊಂದು ಹಿಡಿ ಕಾಳು ಕೊಟ್ಟು, ಸಂಜೆ ಹೊತ್ತಿಗೆ ಒಟ್ಟು ಎಷ್ಟಾಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. ದಾಣಿಯ ಡಬ್ಬಕ್ಕೆ ಬೀಗ ಹಾಕಿ. ಬಿಚ್ಚಿಕೊಂಡು ಬಂದ ಕುದುರೆಯೇ ಡಬ್ಬದ ಮುಚ್ಚಳ ಎತ್ತುವುದೂ ಉಂಟು.

*ಬೋರ್ಡಿಂಗ್ ಯಾವಾಗ ಸರಿ*

ನಿಮಗೆ ದಿನಕ್ಕೆ ಮೂರು ಸಲ ಲಾಯಕ್ಕೆ ಹೋಗಲಾಗದಿದ್ದರೆ, ಜೊತೆ ಕುದುರೆ ಇಲ್ಲದಿದ್ದರೆ, ಹಿಂದೆಂದೂ ಕುದುರೆ ಸಾಕಿಲ್ಲದಿದ್ದರೆ ಬೋರ್ಡಿಂಗೇ ಮೇಲು. ಆದರೆ ಬೋರ್ಡಿಂಗ್ ಎಂಬ ಹೆಸರಿನಡಿ ಹಲವು ಬಗೆ ಇವೆ: ಎಲ್ಲವನ್ನೂ ಅವರೇ ನೋಡುವುದು, ಅರ್ಧ ಕೆಲಸ ನಿಮ್ಮದು, ಬರೀ ಜಾಗ ಮಾತ್ರ ಅವರದು. ಸೊರಗಿದ ಕುದುರೆಗೆ ಮೂರನೆಯದು ಮನೆಗಿಂತ ಕೆಟ್ಟದ್ದು, ಮೇವು ನಿಮ್ಮದೇ ಹೊಣೆ, ನೀವು ಮಾತ್ರ ಅಲ್ಲಿರುವುದಿಲ್ಲ.

ಲಾಯ ನೋಡಲು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ: ಸಂಜೆಯ ಕೊನೆಯ ಹುಲ್ಲು ಎಷ್ಟು ಗಂಟೆಗೆ, ಬೆಳಗಿನ ಮೊದಲ ಹುಲ್ಲು ಎಷ್ಟು ಗಂಟೆಗೆ? ಸಂಜೆ 4 ಮತ್ತು ಬೆಳಿಗ್ಗೆ 7 ಎಂದರೆ ನಡುವೆ 15 ಗಂಟೆ. ಕುದುರೆ ಒಂದು ಕಿಲೋ ಒಣಹುಲ್ಲನ್ನು ಸುಮಾರು 40 ನಿಮಿಷದಲ್ಲಿ ಮುಗಿಸುತ್ತದೆ. ಸಂಜೆ ಹಾಕಿದ ಮೂರು ಕಿಲೋ ಆರು ಗಂಟೆಗೆಲ್ಲ ಖಾಲಿ. ಅದರ ಜಠರ ಆಮ್ಲ ಸುರಿಸುವುದನ್ನು ನಿಲ್ಲಿಸುವುದೇ ಇಲ್ಲ, ಆರು ಗಂಟೆ ದಾಟಿ ಹುಲ್ಲಿಲ್ಲದೆ ನಿಂತರೆ ಹುಣ್ಣಿನ ಅಪಾಯ ಏರುತ್ತದೆ. ಈ ಒಂದು ಪ್ರಶ್ನೆಗೆ ಬರುವ ಉತ್ತರದಿಂದಲೇ ಅರ್ಧ ಲಾಯಗಳು ನಿಮ್ಮ ಪಟ್ಟಿಯಿಂದ ಬಿಟ್ಟುಹೋಗುತ್ತವೆ.

ಆಮೇಲೆ ಇವನ್ನು ಗಮನಿಸಿ:

- ತಕ್ಕಡಿ ಇದೆಯೇ? ಇದ್ದರೆ ಅದರ ಮೇಲೆ ಧೂಳು ಕೂತಿದೆಯೇ?
- ಪ್ರತಿ ಕುದುರೆಯ ಮೇವಿನ ಪಟ್ಟಿ ಬಾಗಿಲಲ್ಲಿದೆಯೇ, ಅಥವಾ ಎಲ್ಲಕ್ಕೂ ಒಂದೇ ಅಳತೆಯೇ?
- ಹೊಸ ಕುದುರೆಯನ್ನು ಬೇರೆ ಇಡುವ ಜಾಗ ಇದೆಯೇ? ಇಲ್ಲದಿದ್ದರೆ ನಿಮ್ಮದಕ್ಕೂ ರೋಗ ಬರುತ್ತದೆ, ನಿಮ್ಮದರಿಂದಲೂ ಹರಡುತ್ತದೆ.
- ಅಲ್ಲಿರುವ ವಯಸ್ಸಾದ ಕುದುರೆಗಳ ಮೈ ಹೇಗಿದೆ? ಎಳೆಯವು ಹೇಗೂ ಮಿಂಚುತ್ತವೆ. ಲಾಯದ ಯೋಗ್ಯತೆ ಮುದಿ ಕುದುರೆಯ ಸೊಂಟದಲ್ಲಿ ಕಾಣುತ್ತದೆ.
- ನೀರಿನ ತೊಟ್ಟಿಯ ತಳಕ್ಕೆ ಕೈಯಾಡಿಸಿ. ಲೋಳೆ ಹತ್ತಿದರೆ ಮಾತು ಅಲ್ಲಿಗೇ ನಿಲ್ಲಲಿ.

ಒಮ್ಮೆ ಹೇಳಿ ಹೋಗಿ, ಇನ್ನೊಮ್ಮೆ ಸಂಜೆ ಹೇಳದೆ ಹೋಗಿ. ಎರಡನೇ ಭೇಟಿಗೆ ಮುಖ ಸಿಂಡರಿಸುವ ಕಡೆ ಕುದುರೆ ಬಿಡಬೇಡಿ.

ಒಪ್ಪಂದ ಬರಹದಲ್ಲಿರಲಿ: ಹುಲ್ಲು ಹೊರೆಯ ಲೆಕ್ಕದಲ್ಲಲ್ಲ, ಕಿಲೋ ಲೆಕ್ಕದಲ್ಲಿ, ದಿನಕ್ಕೆ ಎಷ್ಟು ಹೊತ್ತು ಮೇವು, ಹೆಚ್ಚುವರಿ ಹುಲ್ಲಿಗೆ ಬೇರೆ ದುಡ್ಡೇ, ನಿಮ್ಮ ಫೋನ್ ಸಿಗದಿದ್ದಾಗ ಪಶುವೈದ್ಯರನ್ನು ಕರೆಸುವ ಅಧಿಕಾರ ಯಾರಿಗೆ, ಎಷ್ಟು ಖರ್ಚಿನವರೆಗೆ, ವಾರಕ್ಕೊಮ್ಮೆ ಟೇಪು ಹಿಡಿಯುವವರು ಯಾರು. ಕೊನೆಯದನ್ನು ನೀವೇ ಮಾಡುವುದು ಒಳ್ಳೆಯದು.

ಎರಡರ ನಡುವಿನ ದಾರಿಯೂ ಇದೆ. ಮೊದಲ ಆರೆಂಟು ವಾರ ಒಳ್ಳೆಯ ಲಾಯದಲ್ಲಿಟ್ಟು, ಮೇವಿನ ಪಟ್ಟಿ ಕೂತುಕೊಂಡ ಮೇಲೆ ಮನೆಗೆ ತರುವುದು. ಹೊಸದಾಗಿ ಕುದುರೆ ಕೊಂಡವರಿಗೆ ನಮ್ಮ ಸಲಹೆ ಇದೇ, ಖರ್ಚು ಸ್ವಲ್ಪ ಹೆಚ್ಚಾದರೂ.

ಹಂತ 4: ಬಂದ ದಿನ

ಹೊಸ ಕುದುರೆಯನ್ನು ಕನಿಷ್ಠ 21 ದಿನ ಬೇರೆ ಇಡಿ. ಬಕೆಟ್ಟು, ಬ್ರಷ್ಷು, ಸನಿಕೆ ಎಲ್ಲವೂ ಬೇರೆ. ದಿನಕ್ಕೆ ಎರಡು ಸಲ ಮೈಬಿಸಿ ನೋಡಿ. 38.5 ದಾಟಿದರೆ, ಮೂಗು ಸುರಿದರೆ, ದವಡೆಯ ಕೆಳಗೆ ಗಡ್ಡೆ ಕಂಡರೆ ಪಶುವೈದ್ಯರಿಗೆ ತಿಳಿಸಿ. ಬೇರೆ ಎಂದರೆ ಕತ್ತಲ ಕೋಣೆಯಲ್ಲ. ಇತರ ಕುದುರೆಗಳು ದೂರದಿಂದ ಕಾಣುತ್ತಿರಲಿ.

ಶುದ್ಧ ನೀರು ಯಾವಾಗಲೂ ಇರಬೇಕು. ಈ ಗಾತ್ರದ ಕುದುರೆ ದಿನಕ್ಕೆ 20ರಿಂದ 40 ಲೀಟರ್ ಕುಡಿಯುತ್ತದೆ, ಬಿಸಿಲಿಗೆ ಇನ್ನೂ ಹೆಚ್ಚು. ತೊಟ್ಟಿಯ ಬದಲು ಬಕೆಟ್ಟಿನಲ್ಲಿ ಕೊಟ್ಟರೆ ಎಷ್ಟು ಕುಡಿಯಿತೆಂದು ಲೆಕ್ಕ ಸಿಗುತ್ತದೆ. ಹಿಂದಿನ ಮಾಲೀಕರಿಂದ ಒಂದೆರಡು ವಾರದ ಹುಲ್ಲು ಕೇಳಿ ತನ್ನಿ, ಹಳೆಯದಕ್ಕೆ ಹೊಸದನ್ನು ಬೆರೆಸುತ್ತಾ ಹೋಗಲು.

ಹಂತ 5: ಅಂಕ 1–2ರ ಕುದುರೆಗೆ ಮೊದಲ ಹತ್ತು ದಿನ

ಈ ಹಂತ ಎಲುಬುಗೂಡಾದ ಕುದುರೆಗೆ ಮಾತ್ರ. ಉಳಿದವರು ಮುಂದಿನ ಹಂತಕ್ಕೆ ಹೋಗಬಹುದು.

ಬಹುದಿನ ಉಪವಾಸವಿದ್ದ ಮೈ ತನ್ನದೇ ಕೊಬ್ಬು, ಸ್ನಾಯುಗಳನ್ನು ಸುಟ್ಟು ಬದುಕಿರುತ್ತದೆ. ಅದಕ್ಕೆ ಒಮ್ಮೆಲೇ ಪಿಷ್ಟದ ಕಾಳು ಹಾಕಿದರೆ ಇನ್ಸುಲಿನ್ ಜಿಗಿಯುತ್ತದೆ. ರಕ್ತದಲ್ಲಿ ಅಳಿದುಳಿದ ಫಾಸ್ಫರಸ್, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಜೀವಕೋಶದೊಳಕ್ಕೆ ನುಗ್ಗಿ ರಕ್ತದಲ್ಲಿ ಅವುಗಳ ಕೊರತೆ ಬೀಳುತ್ತದೆ. ಹೃದಯ, ಉಸಿರು, ಮೂತ್ರಪಿಂಡ ಕೈಕೊಡುತ್ತವೆ. ಇದು ಹೆಚ್ಚಾಗಿ ಮೂರರಿಂದ ಐದನೇ ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಕುದುರೆ ಹಸಿವಿನಿಂದ ಸತ್ತಿತು ಎಂದುಕೊಳ್ಳುತ್ತಾರೆ, ಸತ್ತದ್ದು ಊಟದಿಂದ.

ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಾಳು ಬೆರೆತ ಸಿದ್ಧ ಮೇವು, ಓಟ್ಸ್ ಹುಲ್ಲು, ಲೂಸರ್ನ್ ಮೂರನ್ನೂ ಹಸಿದ ಕುದುರೆಗಳಿಗೆ ಕೊಟ್ಟು ಹೋಲಿಸಿದಾಗ ಮೇಲೆನಿಸಿದ್ದು ಲೂಸರ್ನ್, ಅಂದರೆ ನಮ್ಮ ಕುದುರೆ ಮಸಾಲೆ ಸೊಪ್ಪಿನ ಒಣಮೇವು. ಪಿಷ್ಟ ಕಡಿಮೆ, ಪ್ರೋಟೀನೂ ಮೆಗ್ನೀಸಿಯಮ್ಮೂ ಫಾಸ್ಫರಸ್ಸೂ ಹೆಚ್ಚು. ಅವರ ಕ್ರಮ ಇದು, 450–500 ಕಿಲೋ ಚೌಕಟ್ಟಿನ ಕುದುರೆಗೆ:

1. ದಿನ 1–3: ಎಲೆ ಹೆಚ್ಚಿರುವ ಒಣ ಲೂಸರ್ನ್, ನಾಲ್ಕು ಗಂಟೆಗೊಮ್ಮೆ ಸುಮಾರು 450 ಗ್ರಾಂ. ದಿನಕ್ಕೆ ಒಟ್ಟು 2.7 ಕಿಲೋ.
2. ದಿನ 4–10: ಪ್ರಮಾಣ ಏರಿಸುತ್ತಾ, ಸಲಗಳನ್ನು ಇಳಿಸುತ್ತಾ ಹೋಗಿ. ಆರನೇ ದಿನಕ್ಕೆ ಎಂಟು ಗಂಟೆಗೊಮ್ಮೆ ಸುಮಾರು 2 ಕಿಲೋ.
3. ಹತ್ತು ದಿನದ ನಂತರ: ತಿಂದಷ್ಟು. ಕಾಳು ಇನ್ನೂ ಬೇಡ.

ಕುದುರೆ ಚಿಕ್ಕದಾದರೆ ಪ್ರಮಾಣವನ್ನು ಅದೇ ಅನುಪಾತದಲ್ಲಿ ಇಳಿಸಿ. ಇಡೀ ಹತ್ತು ದಿನ ಪಶುವೈದ್ಯರ ಕಣ್ಣಿರಲಿ, ಸಾಧ್ಯವಾದರೆ ರಕ್ತದ ಲವಣಗಳನ್ನೂ ನೋಡಿಸಿ. ಈ ದಿನಗಳಲ್ಲಿ ಕುದುರೆ ಗೋದಲಿ ನೆಕ್ಕುತ್ತಾ ನಿಮ್ಮನ್ನೇ ನೋಡುತ್ತದೆ. ಕೊಡಬೇಡಿ.

ಹಂತ 6: ಹುಲ್ಲೇ ಬುನಾದಿ

ಅಂಕ 3–4ರ ಕುದುರೆಗೆ ಇಲ್ಲಿಂದ ಶುರು. ಒಣಹುಲ್ಲಿನ ಲೆಕ್ಕ ದಿನಕ್ಕೆ ಮೈತೂಕದ ಶೇಕಡಾ 2ರಿಂದ 2.5, ಶೇಕಡಾ 1.5ಕ್ಕಿಂತ ಕೆಳಗೆ ಎಂದೂ ಇಳಿಯಬಾರದು. ಮೊದಲ ವಾರ ಈಗಿನ ತೂಕಕ್ಕೆ ಲೆಕ್ಕ ಹಾಕಿ: 370 ಕಿಲೋಗೆ ದಿನಕ್ಕೆ ಏಳೂವರೆ ಕಿಲೋ. ಆಮೇಲೆ ಎರಡು ವಾರದಲ್ಲಿ ಗುರಿ ತೂಕದ ಲೆಕ್ಕಕ್ಕೆ ಏರಿಸಿ: 400 ಕಿಲೋಗೆ 8ರಿಂದ 10.

ಹುಲ್ಲು ಮೂಸಿ ನೋಡಿ, ಜಾಡಿಸಿ ನೋಡಿ. ಧೂಳು ಹಾರಿದರೆ, ಮುಗ್ಗಲು ವಾಸನೆ ಬಂದರೆ ವಾಪಸ್ಸು ಕಳಿಸಿ. ದಪ್ಪ ಕಡ್ಡಿಯ, ಬಲಿತು ಕೊಯ್ದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಹೂ ಬಿಡುವ ಮುನ್ನ ಕೊಯ್ದ, ಎಲೆ ಹೆಚ್ಚಿರುವ, ಮೆತ್ತನೆಯ ಹುಲ್ಲು ಬೇಕು.

ದಿನದ ಪಾಲನ್ನು ನಾಲ್ಕಾಗಿ ಹಂಚಿ, ದೊಡ್ಡ ಪಾಲು ರಾತ್ರಿಗಿರಲಿ. ಹಲ್ಲಿಲ್ಲದ ಮುದಿ ಕುದುರೆಗೆ ಹುಲ್ಲಿನ ಕ್ಯೂಬ್ ಅಥವಾ ಪೆಲೆಟ್ಟನ್ನು ನೀರಿನಲ್ಲಿ ನೆನೆಸಿ ಗಂಜಿಯ ಹದಕ್ಕೆ ತಂದು ಕೊಡಿ. ಒಣದಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಚಳಿಯಲ್ಲಿ ಕಾಳಿನ ಬದಲು ಹುಲ್ಲು ಹೆಚ್ಚಿಸಿ, ಹುಲ್ಲು ಕರುಳಲ್ಲಿ ಹುದುಗುವಾಗಲೇ ಮೈ ಬಿಸಿಯಾಗುತ್ತದೆ. ಕಂಬಳಿ ಹೊದಿಸಿದರೆ ದಿನಕ್ಕೊಮ್ಮೆ ತೆಗೆದು ಪಕ್ಕೆ ಮುಟ್ಟಿ ನೋಡಿ.

ಹಂತ 7: ಹುಲ್ಲಿನ ಮೇಲೆ ಶಕ್ತಿ ಸೇರಿಸುವುದು

ಒಂದು ಕಿಲೋ ತೂಕ ಏರಲು, ಮೈ ಕಾಯ್ದುಕೊಳ್ಳಲು ಬೇಕಾದದ್ದಲ್ಲದೆ, ಸುಮಾರು 16ರಿಂದ 24 ಮೆಗಾಕ್ಯಾಲರಿ ಬೇಕು. ನಮ್ಮ ಕುದುರೆಗೆ ಒಂದು ಅಂಕವೆಂದರೆ ಅಂದಾಜು 15 ಕಿಲೋ. ಅದನ್ನು 60 ದಿನದಲ್ಲಿ ಏರಿಸಲು ದಿನಕ್ಕೆ ಸುಮಾರು 5 ಮೆಗಾಕ್ಯಾಲರಿ ಹೆಚ್ಚು ಕೊಡಬೇಕು. ಎಂಟು ಕಿಲೋ ಒಳ್ಳೆಯ ಹುಲ್ಲು ಮೈ ಕಾಯ್ದುಕೊಳ್ಳಲು ಸಾಕಾಗುತ್ತದೆ. ಅದರ ಮೇಲೆ:

- ಒಣ ಲೂಸರ್ನ್ ಒಂದೂವರೆ ಕಿಲೋ: ಸುಮಾರು 3 ಮೆಗಾಕ್ಯಾಲರಿ. ಬೆನ್ನಿನ ಸ್ನಾಯು ಕಟ್ಟಲು ಬೇಕಾದ ಪ್ರೋಟೀನೂ ಇದರಲ್ಲೇ.
- ಒಣ ತೂಕದಲ್ಲಿ ಅರ್ಧ ಕಿಲೋ ಬೀಟ್ ಪಲ್ಪ್ (ಸಕ್ಕರೆ ತೆಗೆದ ಮೇಲೆ ಉಳಿಯುವ ಬೀಟ್ ಗಡ್ಡೆಯ ಹಿಪ್ಪೆ), ಚೆನ್ನಾಗಿ ನೆನೆಸಿದ್ದು: ಒಂದಕ್ಕಿಂತ ಸ್ವಲ್ಪ ಹೆಚ್ಚು. ಸೆಕೆಯಲ್ಲಿ ನೆನೆಸಿದ್ದು ಬೇಗ ಹುಳಿಯುತ್ತದೆ, ಒಂದು ಹೊತ್ತಿಗಾಗುವಷ್ಟೇ ನೆನೆಸಿ.
- ಖಾದ್ಯ ಎಣ್ಣೆ 120 ಮಿಲಿಲೀಟರ್: ಸುಮಾರು 1.

ಎಣ್ಣೆಯನ್ನು ದಿನಕ್ಕೆ 30–50 ಮಿಲಿಲೀಟರಿನಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ಏರಿಸಬೇಕು. ಲದ್ದಿ ಜಿಡ್ಡಾಗಿ ಹೊಳೆದರೆ ಅವಸರವಾಯಿತೆಂದು ಅರ್ಥ. ಪ್ರತಿ 100 ಮಿಲಿಲೀಟರಿಗೆ 100–150 ಐಯು (ಚೀಲ, ಬಾಟಲಿಯ ಮೇಲೆ IU ಎಂದು ಬರೆದಿರುವ ಅಳತೆ) ವಿಟಮಿನ್ ಇ ಸೇರಿಸಿ. ಎಣ್ಣೆಯಲ್ಲಿ ಪಿಷ್ಟವಿಲ್ಲದ್ದರಿಂದ ಹುಣ್ಣಿರುವ, ಉದ್ರೇಕದ ಕುದುರೆಗೂ ಹೊಂದುತ್ತದೆ. ಕಮಟು ವಾಸನೆಯ ಎಣ್ಣೆ ಬೇಡ.

ಕಾಳು ಕೊಡಲೇಬೇಕೆಂದಿದ್ದರೆ ಮಿತಿ ನೆನಪಿರಲಿ: ಒಂದು ಹೊತ್ತಿಗೆ ಮೈತೂಕದ ಪ್ರತಿ ಕಿಲೋಗೆ 1 ಗ್ರಾಂ ಪಿಷ್ಟ. ನಮ್ಮ ಕುದುರೆಗೆ ಅದು ಒಂದು ಕಿಲೋಗಿಂತ ತುಸು ಕಡಿಮೆ ಓಟ್ಸ್. ಇದನ್ನು ಮೀರಿದ ಪಿಷ್ಟ ಸಣ್ಣ ಕರುಳಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಶೂಲೆಗೂ ಲ್ಯಾಮಿನೈಟಿಸ್‌ಗೂ ದಾರಿ ಅದೇ. ಮೆಕ್ಕೆಜೋಳ, ಬಾರ್ಲಿಯನ್ನು ಇಡಿಯಾಗಿ ಕೊಡಬೇಡಿ. ಅಕ್ಕಿ ತವುಡು ಕೊಬ್ಬಿನಿಂದ ತುಂಬಿದ್ದು ನಿಜ, ಆದರೆ ಅದರಲ್ಲಿ ಫಾಸ್ಫರಸ್ ಕ್ಯಾಲ್ಸಿಯಂಗಿಂತ ಹತ್ತು ಪಟ್ಟಿಗೂ ಹೆಚ್ಚು. ಬರೀ ತವುಡಿನ ಮೇಲೆ ಸಾಕಿದರೆ ಮೈ ಎಲುಬಿನಿಂದ ಕ್ಯಾಲ್ಸಿಯಂ ಕೀಳುತ್ತದೆ. ಲೂಸರ್ನ್ ಜೊತೆಗಿದ್ದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಉಪ್ಪು ದಿನಕ್ಕೆ 20–25 ಗ್ರಾಂ, ಜೊತೆಗೆ ಖನಿಜ ಮಿಶ್ರಣವನ್ನು ಚೀಲದ ಮೇಲೆ ಬರೆದಷ್ಟೇ.

ಯಾವ ಬದಲಾವಣೆಯೂ 7ರಿಂದ 14 ದಿನಗಳಲ್ಲಿ ಹಂತಹಂತವಾಗಿ ಆಗಲಿ, ಒಂದು ಸಲಕ್ಕೆ ಒಂದೇ ವಸ್ತು. ಮೂರನ್ನೂ ಒಟ್ಟಿಗೆ ಶುರುಮಾಡಿದರೆ ಭೇದಿ ಬಂದಾಗ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಸವಾರಿ? ಅಂಕ 4 ದಾಟುವವರೆಗೆ ಬೇಡ. ಅಲ್ಲಿಯವರೆಗೆ ಹಗ್ಗ ಹಿಡಿದು ದಿನಕ್ಕೆ 10–20 ನಿಮಿಷ ನಡೆಸಿ, ಅಷ್ಟೇ. ಸ್ನಾಯು ಕರಗಿದ ಬೆನ್ನಿಗೆ ಜೀನು ಒತ್ತಿದರೆ ಹುಣ್ಣಾಗುತ್ತದೆ.

ಹಂತ 8: ಕೂಡಲೇ ಫೋನ್ ಮಾಡಬೇಕಾದ ಲಕ್ಷಣಗಳು

- ನೆಲ ಕೆರೆಯುವುದು, ಪಕ್ಕೆ ತಿರುಗಿ ನೋಡುವುದು, ಮತ್ತೆ ಮತ್ತೆ ಮಲಗಿ ಏಳುವುದು, ಲದ್ದಿ ನಿಲ್ಲುವುದು: ಶೂಲೆ. ಮೇವು ತೆಗೆದುಬಿಡಿ.
- ಮುಂಗಾಲು ಮುಂದೆ ಚಾಚಿ ಹಿಂಗಾಲ ಮೇಲೆ ಭಾರ ಹಾಕಿ ನಿಲ್ಲುವುದು, ಗೊರಸು ಬಿಸಿಯಾಗಿ ಗೊರಸಿನ ಮೇಲ್ಭಾಗದಲ್ಲಿ ನಾಡಿ ಜೋರಾಗಿ ಬಡಿಯುವುದು: ಲ್ಯಾಮಿನೈಟಿಸ್.
- ಮೂಗಿನಿಂದ ಮೇವು ಬೆರೆತ ಜೊಲ್ಲು: ಅನ್ನನಾಳ ಕಟ್ಟಿದೆ. ಬಾಯಿಗೆ ನೀರು ಹಾಕಬೇಡಿ, ಮೇವೂ ನೀರೂ ತೆಗೆದಿಡಿ.
- ಮೊದಲ ಹತ್ತು ದಿನದಲ್ಲಿ ನಡುಕ, ತೂರಾಟ, ಏದುಸಿರು, ಕಾಲು ಅಥವಾ ಹೊಟ್ಟೆಯಡಿ ಬಾವು, ನಾಡಿ ತಪ್ಪುವುದು: ಹಂತ 5ರಲ್ಲಿ ಹೇಳಿದ ಲವಣದ ಕುಸಿತ.
- ಪೋನಿ, ಕತ್ತೆ, ಗಬ್ಬದ ಹೆಣ್ಣುಕುದುರೆ ಒಂದು ದಿನ ಮೇವು ಮುಟ್ಟದಿರುವುದು. ಇವು ಉಪವಾಸ ಬಿದ್ದರೆ ಕೊಬ್ಬು ರಕ್ತಕ್ಕೆ ನುಗ್ಗಿ ಯಕೃತ್ತು ಕೆಡುತ್ತದೆ. ನಾಳೆ ನೋಡೋಣ ಎನ್ನಬೇಡಿ.

ಬೋರ್ಡಿಂಗ್ ಲಾಯದಲ್ಲಿದ್ದರೆ ಈ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಬರೆದು, ಪಶುವೈದ್ಯರ ಸಂಖ್ಯೆಯೊಂದಿಗೆ, ರಾತ್ರಿ ಆಳಿನ ಕಣ್ಣಿಗೆ ಬೀಳುವ ಕಡೆ ಅಂಟಿಸಿ.

ಹಂತ 9: ವಾರದ ಲೆಕ್ಕ, ಮತ್ತು ಜಾಗ ಬದಲಿಸುವುದು

ವಾರಕ್ಕೊಮ್ಮೆ, ಒಂದೇ ದಿನ, ಬೆಳಗಿನ ಮೇವಿಗೆ ಮುಂಚೆ ಟೇಪು ಹಿಡಿಯಿರಿ. ಎರಡು ವಾರಕ್ಕೊಮ್ಮೆ ಆರು ಜಾಗ ಒತ್ತಿ ಅಂಕ ಬರೆಯಿರಿ. ಪಕ್ಕದಿಂದ ಮತ್ತು ಹಿಂದಿನಿಂದ ಒಂದೊಂದು ಫೋಟೊ, ಅದೇ ಜಾಗ, ಅದೇ ಬೆಳಕು. ಒಂದು ಅಂಕ ಏರಲು 60ರಿಂದ 90 ದಿನ ಹಿಡಿಯುವುದು ಸಹಜ. ದಿನವೂ ನೋಡುವವರಿಗೆ ಏನೂ ಬದಲಾದಂತೆ ಕಾಣದು, ಹಾಗಾಗಿಯೇ ಮೂರನೇ ವಾರಕ್ಕೆ ತಾಳ್ಮೆಗೆಟ್ಟು ಕಾಳು ಸುರಿಯುತ್ತಾರೆ.

ಮೇವೆಲ್ಲ ತೂಗಿ ಹಾಕಿದ್ದು ಖಚಿತವಾಗಿದ್ದೂ ನಾಲ್ಕು ವಾರದಲ್ಲಿ ಸುತ್ತಳತೆ ಅಲ್ಲಾಡದಿದ್ದರೆ ಇನ್ನಷ್ಟು ಮೇವು ಹಾಕುವುದು ಉತ್ತರವಲ್ಲ. ಹಂತ 2ಕ್ಕೆ ಮರಳಿ. ಅಂಥಲ್ಲಿ ಯಾವುದೋ ರೋಗ ತಪ್ಪಿಸಿಕೊಂಡಿರುತ್ತದೆ. ಬೋರ್ಡಿಂಗ್‌ನಲ್ಲಿದ್ದರೆ ಅದಕ್ಕೂ ಮುಂಚೆ ಒಂದು ದಿನ ಪೂರ್ತಿ ಅಲ್ಲೇ ಕಳೆದು, ಬಲೆಚೀಲಗಳನ್ನು ನೀವೇ ತೂಗಿ ನೋಡಿ.

ಅಂಕ 5 ಮುಟ್ಟಿದ ಮೇಲೆ ಎಣ್ಣೆಯನ್ನು ಮೊದಲು ಇಳಿಸಿ, ಆಮೇಲೆ ಬೀಟ್ ಪಲ್ಪ್, ಎರಡೆರಡು ವಾರ ಹಿಡಿದು. ಹುಲ್ಲನ್ನು ಕೊನೆಗೆ ಮುಟ್ಟಿ. ಲಾಯದಿಂದ ಮನೆಗೆ ತರುವುದಿದ್ದರೆ ತೂಕ ಒಂದು ತಿಂಗಳಾದರೂ ಸ್ಥಿರವಾಗಿರಲಿ. ಲಾಯದ ಹುಲ್ಲನ್ನೇ ಎರಡು ವಾರಕ್ಕಾಗುವಷ್ಟು, ಅಂದರೆ 400 ಕಿಲೋ ಕುದುರೆಗೆ 120 ಕಿಲೋದಷ್ಟು, ಕೊಂಡು ಜೊತೆಗೆ ತನ್ನಿ. ಮೊದಲ ನಾಲ್ಕು ದಿನ ಅದನ್ನೇ ಹಾಕಿ, ಆಮೇಲೆ ಕಾಲು ಭಾಗ ಹೊಸದು, ಅರ್ಧ, ಮುಕ್ಕಾಲು. ಮನೆಯ ಹಸಿರು ಹುಲ್ಲುಗಾವಲಿಗೆ ಮೊದಲ ದಿನ 15 ನಿಮಿಷ ಬಿಟ್ಟರೆ ಸಾಕು, ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ಏರಿಸಿ.